ಹಾದುಹೋಗುವ ಹಕ್ಕು

ವಿಶಾಲ ಭೂಖಂಡದ ಮೇಲಿನ ರಸ್ತೆಗೆ ಕೊನೆಯಿಲ್ಲ. ಬೆಂಗಳೂರಿನಿಂದ ಹೊರಟ ಹೆದ್ದಾರಿ ಪುಣೆಯಲ್ಲಿ ಮುಗಿಯದು, ಮುಂಬೈಯಲ್ಲೂ ಮುಗಿಯದು. ಹೋಗುವ ಮನಸ್ಸಿದ್ದವರಿಗೆ ಮುಂದೆ ಇನ್ನೊಂದು ಊರು ಇದ್ದೇ ಇರುತ್ತದೆ. ಹಾಗಾಗಿ ನಾವು ರಸ್ತೆಯನ್ನು ಅದು ಮುಟ್ಟಿಸುವ ಊರಿನಿಂದ ಗುರುತಿಸುತ್ತೇವೆ. ಮೈಸೂರು ರಸ್ತೆ, ತುಮಕೂರು ರಸ್ತೆ, ಹಳೇ ಮದ್ರಾಸು ರಸ್ತೆ. ನಡುವೆ ಯಾರ ಹೊಲ ಹೋಯಿತು, ಯಾವ ಕೆರೆಯ ಏರಿ ಒಡೆಯಿತು ಎಂಬುದೆಲ್ಲ ಆ ಹೆಸರಿನ ಹಿಂದೆ ಮರೆಯಾಗುತ್ತದೆ. ದ್ವೀಪದಲ್ಲಿ ಹಾಗೆ ಮರೆಯಾಗಲು ಜಾಗವಿಲ್ಲ. ಯಾವ ದಿಕ್ಕಿಗೆ ಹೊರಟರೂ ರಸ್ತೆ ಕಡಲಂಚಿಗೆ ಬಂದು ನಿಲ್ಲುತ್ತದೆ. ದೂರದ ಊರಿನ ನೆಪ ಕಳಚಿ ಬಿದ್ದ ಮೇಲೆ ಎಲ್ಲ ರಸ್ತೆಗಳಿಗೂ ಕೇಳಬೇಕಾಗಿದ್ದ ಪ್ರಶ್ನೆ ಎದುರಿಗೆ ಬರುತ್ತದೆ: ಇದು ಯಾರ ಅಂಗಳದ ಮೇಲೆ ಹಾಯುತ್ತಿದೆ, ಹಾಯುವ ಮುನ್ನ ಅವರನ್ನು ಯಾರಾದರೂ ಕೇಳಿದ್ದರೇ?

ಹವಾಯಿಯ ಓಆಹು ದ್ವೀಪದಲ್ಲಿ ಎಚ್-1, ಎಚ್-2, ಎಚ್-3 ಎಂಬ ಹೆದ್ದಾರಿಗಳಿವೆ. ರಾಜ್ಯ ರಾಜ್ಯಗಳನ್ನು ಬೆಸೆಯಲೆಂದು ಅಮೆರಿಕ ಕಟ್ಟಿದ ಮಹಾ ಜಾಲಕ್ಕೇ ಸೇರಿದವು. ಆದರೆ ಪಕ್ಕದ ರಾಜ್ಯ ಇರುವುದು ಮೂರೂವರೆ ಸಾವಿರ ಕಿಲೋಮೀಟರಿಗೂ ಆಚೆ, ಪೆಸಿಫಿಕ್ ಸಾಗರದ ಇನ್ನೊಂದು ದಡದಲ್ಲಿ. ಹಾಗಾದರೆ ಈ ರಸ್ತೆಗಳು ಎಲ್ಲಿಗೆ ಹೋಗುತ್ತವೆ? ಎಚ್-3ರ ಎರಡು ತುದಿಗಳನ್ನು ನೋಡಿದರೆ ಉತ್ತರ ಸಿಗುತ್ತದೆ. ಒಂದು ಕಡೆ ಪರ್ಲ್ ಹಾರ್ಬರಿನ ನೌಕಾನೆಲೆ, ಇನ್ನೊಂದು ಕಡೆ ಕಾನೆಓಹೆಯ ಮೆರೀನ್ ಸೇನಾನೆಲೆ. ನಡುವೆ ಹಾಲಾವಾ ಕಣಿವೆ, ಹವಾಯಿಯ ಮೂಲನಿವಾಸಿಗಳ ಪೂಜಾಸ್ಥಳಗಳಿದ್ದ ಜಾಗ. ಅವರು ಪ್ರತಿಭಟಿಸಿದರು, ಕಣಿವೆಯಲ್ಲೇ ಕೂತರು, ನ್ಯಾಯಾಲಯಕ್ಕೂ ಹೋದರು. 1986ರಲ್ಲಿ ಅಮೆರಿಕದ ಸಂಸತ್ತು ಪರಿಸರ ಕಾನೂನುಗಳಿಂದಲೇ ಆ ರಸ್ತೆಗೆ ವಿನಾಯಿತಿ ಕೊಟ್ಟಿತು. ಸುಮಾರು 26 ಕಿಲೋಮೀಟರಿನ ದಾರಿ 130 ಕೋಟಿ ಡಾಲರು ನುಂಗಿ 1997ರ ಡಿಸೆಂಬರಿನಲ್ಲಿ ಸಂಚಾರಕ್ಕೆ ತೆರೆಯಿತು. ಆ ಹೆದ್ದಾರಿಯ ಗುರಿ ದ್ವೀಪದವರ ಅಗತ್ಯದಲ್ಲಿರಲಿಲ್ಲ. ದೂರದಲ್ಲಿ ನಕ್ಷೆಯ ಮುಂದೆ ಕೂತವರ ಅಗತ್ಯದಲ್ಲಿತ್ತು.

ಹವಾಯಿ ನಮ್ಮಿಂದ ದೂರ. ಇದೇ ಪ್ರಶ್ನೆ ನಮ್ಮದೇ ದೇಶದ ದ್ವೀಪದಲ್ಲಿ, ನಮ್ಮದೇ ರಾಷ್ಟ್ರೀಯ ಹೆದ್ದಾರಿಯ ಮೇಲೆ, ಇನ್ನೂ ಹರಿತವಾಗಿ ನಿಂತಿದೆ. ಅದರ ಹೆಸರು ಅಂಡಮಾನ್ ಟ್ರಂಕ್ ರೋಡ್. ಅಲ್ಲಿಯವರ ಬಾಯಲ್ಲಿ ಎಟಿಆರ್. ಹೆದ್ದಾರಿಗಳ ಪಟ್ಟಿಯಲ್ಲಿ ಮೊದಲು 223 ಆಗಿತ್ತು, ಈಗ 4. ಪೋರ್ಟ್ ಬ್ಲೇರ್, ಅಂದರೆ 2024ರಿಂದ ಶ್ರೀ ವಿಜಯಪುರಂ ಎಂದು ಕರೆಸಿಕೊಳ್ಳುತ್ತಿರುವ ಊರಿನಿಂದ ಹೊರಟು, ಫೆರಾರ್‌ಗಂಜ್, ಜಿರ್ಕಾಟಾಂಗ್, ಬಾರಾಟಾಂಗ್, ಕದಮ್‌ತಲಾ, ರಂಗತ್, ಮಾಯಾಬಂದರ್ ದಾಟಿ ಉತ್ತರದ ಡಿಗ್ಲಿಪುರದವರೆಗೆ ಈ ದಾರಿ ಸಾಗುತ್ತದೆ. ಒಟ್ಟು 330 ಕಿಲೋಮೀಟರಿನಷ್ಟು ಉದ್ದ. ದಕ್ಷಿಣ ಅಂಡಮಾನ್, ಬಾರಾಟಾಂಗ್, ಮಧ್ಯ ಅಂಡಮಾನ್, ಉತ್ತರ ಅಂಡಮಾನ್ ಎಂಬ ನಾಲ್ಕು ದ್ವೀಪಗಳನ್ನು ಅದು ಒಂದೇ ದಾರದಲ್ಲಿ ಪೋಣಿಸುತ್ತದೆ. ಮಿಡಲ್ ಸ್ಟ್ರೇಟ್ ಎಂಬ ಜಲಸಂಧಿಯಲ್ಲಿ ಬಸ್ಸು, ಲಾರಿ, ಜನ ಎಲ್ಲರೂ ದೋಣಿ ಹತ್ತಿ ದಾಟುವ ರೂಢಿ. ಅದಕ್ಕೂ ಉತ್ತರದ ಹಂಫ್ರಿ ಜಲಸಂಧಿಯಲ್ಲಿ ಒಂದೂವರೆ ಕಿಲೋಮೀಟರಿನಷ್ಟು ಉದ್ದದ ಸೇತುವೆ ಎದ್ದಿದೆ. ಮಧ್ಯ ಅಂಡಮಾನಿನಿಂದ ಉತ್ತರ ಅಂಡಮಾನಿಗೆ ದಾಟಿಸುವ ಸೇತುವೆಯ ಹೆಸರು ಚೆಂಗಪ್ಪ ಸೇತುವೆ. ಕೊಡಗಿನವರು ಅಲ್ಲಿಗೆ ಹೋದರೆ ಆ ಹೆಸರಿನ ಮುಂದೆ ಒಂದು ಗಳಿಗೆ ನಿಂತೇ ನಿಲ್ಲುತ್ತಾರೆ.

ಈ ದ್ವೀಪಗಳಿಗೆ ರಸ್ತೆ ಸಹಜವಾಗಿ ಬಂದದ್ದಲ್ಲ. ಇಲ್ಲಿ ಕಡಲೇ ದಾರಿಯಾಗಿತ್ತು. ಇಲ್ಲಿನ ಮೂಲನಿವಾಸಿಗಳಲ್ಲಿ ಗ್ರೇಟ್ ಅಂಡಮಾನೀಯರೂ ಓಂಗೆಯರೂ ಮರ ಕೊರೆದು ದೋಣಿ ಮಾಡಿ ದ್ವೀಪದಿಂದ ದ್ವೀಪಕ್ಕೆ ಹೋಗುತ್ತಿದ್ದರು. ಜಾರವಾ ಜನ ಕಾಡಿನೊಳಗೆ ತಮ್ಮದೇ ಕಾಲುದಾರಿಗಳಲ್ಲಿ ನಡೆದು, ಕೊಲ್ಲಿಗಳು ಅಡ್ಡ ಬಂದಾಗ ತೆಪ್ಪ ಕಟ್ಟಿ ದಾಟುತ್ತಿದ್ದರು. 1858ರಲ್ಲಿ ಬ್ರಿಟಿಷರು ಬಂದು ಕೈದಿಗಳ ವಸಾಹತು ಹೂಡಿದರು. ಕಾಡು ಕಡಿಯುವ ಕೆಲಸ ಅಲ್ಲಿಂದ ಶುರುವಾಯಿತು. ಬಳಿಕ ಮರದ ದಿಮ್ಮಿಗಾಗಿ ಅರಣ್ಯ ಇಲಾಖೆ ಬಂತು, ದಿಮ್ಮಿ ಹೊರಲು ಛೋಟಾ ನಾಗಪುರದ ಆದಿವಾಸಿ ಕೂಲಿಗಳು ಬಂದರು. ಇವತ್ತಿಗೂ ಅವರನ್ನು ಅಲ್ಲಿ ರಾಂಚಿಯವರು ಎಂದೇ ಕರೆಯುತ್ತಾರೆ. 1925ರಲ್ಲಿ ಬರ್ಮಾದಿಂದ ಕರೆನ್ ಜನ ಬಂದು ಮಾಯಾಬಂದರಿನ ಹತ್ತಿರ ವೇಬಿ ಎಂಬ ಊರು ಕಟ್ಟಿದರು. ದೇಶ ಒಡೆದ ಮೇಲೆ ಪೂರ್ವ ಬಂಗಾಳದಿಂದ ಮನೆಮಠ ಕಳೆದುಕೊಂಡವರನ್ನು ಹಡಗಿನಲ್ಲಿ ತಂದು, ಕಾಡು ಕಡಿದು ಗದ್ದೆ ಮಾಡಿಕೊಳ್ಳಿ ಎಂದು ಇಳಿಸಲಾಯಿತು.

ರಂಗತ್ ಸುತ್ತಮುತ್ತಲ ಊರುಗಳ ಹೆಸರು ಕೇಳಿ: ಪಂಚವಟಿ, ದಶರಥಪುರ, ಕೌಸಲ್ಯಾನಗರ. ನಿರಾಶ್ರಿತರ ಕಾಡಿನಲ್ಲಿ ರಾಮಾಯಣ ಹೀಗೆ ಬೇರೂರಿತು. ಎಲ್ಲವನ್ನೂ ಕಳೆದುಕೊಂಡು ಕಡಲಾಚೆಯ ಕಾಡಿಗೆ ಬಂದವರಿಗೆ ಅದು ನಿಜವಾಗಿಯೂ ವನವಾಸವಾಗಿತ್ತು, ಆ ಹೆಸರುಗಳಲ್ಲಿ ಒಂದು ಸಮಾಧಾನವೂ ಇದ್ದಿರಬೇಕು. ಆದರೆ ಅದೇ ಕಾಡಿನ ಪಶ್ಚಿಮ ಭಾಗದಲ್ಲಿ ಜಾರವಾಗಳಿದ್ದರು. ಅವರಿಗೆ ಅದು ಸಾವಿರಾರು ವರ್ಷಗಳ ಮನೆ. ಇಬ್ಬರೂ ಒಂದೇ ಮರಗಳ ನೆರಳಿನಲ್ಲಿದ್ದರು, ಒಬ್ಬರು ಅದನ್ನು ಕಡಿದರೆ ಮಾತ್ರ ಬದುಕುವ ಸ್ಥಿತಿಯಲ್ಲಿ, ಇನ್ನೊಬ್ಬರು ಅದು ಉಳಿದರೆ ಮಾತ್ರ ಬದುಕುವ ಸ್ಥಿತಿಯಲ್ಲಿ. ಈ ಕಥೆಯಲ್ಲಿ ಕೇಡಿಗರನ್ನು ಹುಡುಕುವ ಅವಸರ ನನಗಿಲ್ಲ. ನಿರಾಶ್ರಿತರು ತಾವಾಗಿ ಆ ಜಾಗ ಆರಿಸಿಕೊಂಡವರಲ್ಲ. ರಸ್ತೆಗೆ ಕಲ್ಲು ಹೊತ್ತ ಕೂಲಿಗಳೂ ತಮ್ಮ ಸ್ವಂತ ಕಾಡುಗಳನ್ನು ಕಳೆದುಕೊಂಡು ಬಂದ ಆದಿವಾಸಿಗಳೇ.

1957ರಲ್ಲಿ ಸರಕಾರವೇ ಜಾರವಾಗಳ ನೆಲವನ್ನು ಮೀಸಲು ಎಂದು ಘೋಷಿಸಿತ್ತು. ಹಿಂದಿನ ವರ್ಷವಷ್ಟೇ ಆದಿವಾಸಿಗಳ ರಕ್ಷಣೆಗೆಂದು ನಿಯಮಾವಳಿ ಬಂದಿತ್ತು. ಆ ಮೇಲೂ 1970ರ ದಶಕದಲ್ಲಿ ಅದೇ ಮೀಸಲಿನ ಅಂಚನ್ನು ಸೀಳಿಕೊಂಡು ಟ್ರಂಕ್ ರಸ್ತೆಯ ಕೆಲಸ ಶುರುವಾಯಿತು. ಜಾರವಾಗಳು ಬಾಣ ಬಿಟ್ಟರು. ಕೂಲಿಗಳು ಸತ್ತರು, ಜಾರವಾಗಳೂ ಸತ್ತರು. ಸತ್ತ ಕೂಲಿಗಳ ಲೆಕ್ಕವಾದರೂ ಕಡತದಲ್ಲಿ ಸಿಕ್ಕೀತು, ಸತ್ತ ಜಾರವಾಗಳ ಲೆಕ್ಕ ಇಟ್ಟವರಿಲ್ಲ. ಕೆಲಸ ನಿಂತು ನಿಂತು ಸಾಗಿ 1980ರ ದಶಕದ ಕೊನೆಯ ಹೊತ್ತಿಗೆ ರಸ್ತೆ ಮುಗಿಯಿತು. ಯಾವ ಭಾಷೆಯಲ್ಲೂ ಆ ಜನರಿಗೆ ಇಂಥದೊಂದು ಬರುತ್ತಿದೆ ಎಂದು ಹೇಳಿದವರಿರಲಿಲ್ಲ. ಅವರ ಭಾಷೆ ಬಲ್ಲವರೇ ಆಗ ನಮ್ಮ ಕಡೆ ಇರಲಿಲ್ಲ. ಬಾಣವೇ ಅವರ ಉತ್ತರವಾಗಿತ್ತು. ಆ ಉತ್ತರವನ್ನು ನಾವು ಅಡಚಣೆ ಎಂದು ಓದಿಕೊಂಡೆವು.

ಇವತ್ತು ಆ ದಾರಿಯಲ್ಲಿ ಹೋಗುವವರು ಜಿರ್ಕಾಟಾಂಗ್ ಚೆಕ್‌ಪೋಸ್ಟಿನಲ್ಲಿ ಸಾಲಾಗಿ ಕಾಯಬೇಕು. ಬಾರಾಟಾಂಗಿನ ಸುಣ್ಣಕಲ್ಲಿನ ಗುಹೆ, ಕೆಸರು ಉಕ್ಕುವ ಜ್ವಾಲಾಮುಖಿ ನೋಡಲು ಹೊರಟ ಪ್ರವಾಸಿಗಳು ನಸುಕಿಗೂ ಮೊದಲೇ ಎದ್ದು ಬಂದು ಮೊದಲ ತಂಡಕ್ಕೆ ಕಾಯುತ್ತಾರೆ. ಬೆಳಗಿನ ಆರರ ಹೊತ್ತಿಗೆ ಗೇಟು ತೆರೆಯುತ್ತದೆ. ಮುಂದೊಂದು ಪೊಲೀಸ್ ವಾಹನ, ಹಿಂದೊಂದು, ನಡುವೆ ಬಸ್ಸು, ಟ್ಯಾಕ್ಸಿ, ಲಾರಿಗಳ ಉದ್ದನೆಯ ಸಾಲು. ಮುಂದಿನ 50 ಕಿಲೋಮೀಟರಿನಷ್ಟು ದಾರಿಗೆ ನಿಯಮಗಳಿವೆ. ವೇಗ 40 ದಾಟಬಾರದು. ಎಲ್ಲೂ ನಿಲ್ಲಬಾರದು. ಮುಂದಿನ ಗಾಡಿಯನ್ನು ಹಿಂದೆ ಹಾಕಬಾರದು. ಫೋಟೊ ತೆಗೆಯಬಾರದು. ದಾರಿಯಲ್ಲಿ ಜಾರವಾಗಳು ಕಂಡರೆ ಮಾತಾಡಿಸಬಾರದು, ತಿನ್ನಲು ಏನೂ ಕೊಡಬಾರದು. ಮೀರಿದರೆ ಶಿಕ್ಷೆ.

ಈ ನಿಯಮಗಳೆಲ್ಲ ಸರಿಯಾದವೇ, ಅಗತ್ಯವೇ. ಆದರೂ ಒಂದೊಂದನ್ನೂ ಬಿಡಿಸಿ ನೋಡಿದಾಗ ಎದೆ ಭಾರವಾಗುತ್ತದೆ. ದಾರಿಯ ಬಗ್ಗೆ ನಮ್ಮ ಹಿರಿಯರು ಕಲಿಸಿದ್ದು ಏನು? ದಾರಿಯಲ್ಲಿ ಯಾರಾದರೂ ಎದುರಾದರೆ ನಿಂತು ಮಾತಾಡಿಸು. ಊರು ಯಾವುದು, ಎಲ್ಲಿಗೆ ಹೊರಟಿರಿ ಎಂದು ಕೇಳು. ಬುತ್ತಿ ಬಿಚ್ಚಿದರೆ ಪಕ್ಕದವರಿಗೂ ಕೊಡು. ಬೇಸಗೆಯಲ್ಲಿ ಅರವಟ್ಟಿಗೆ ಇಟ್ಟು ಗುರುತಿಲ್ಲದವರಿಗೆ ಮಜ್ಜಿಗೆ ಹೊಯ್ಯುವುದು, ಸಾಲುಮರ ನೆಡುವುದು, ಹೊರೆ ಇಳಿಸಲು ಹೊರೆಗಲ್ಲು ನಿಲ್ಲಿಸುವುದು, ಇವೆಲ್ಲ ಪುಣ್ಯದ ಕೆಲಸ ಎನಿಸಿಕೊಂಡವು. ಕನ್ನಡ ನಾಡಿನ ಹಳೆಯ ದಾರಿಗಳ ನೀತಿಯೆಲ್ಲ ನಿಲ್ಲುವುದು, ನೋಡುವುದು, ಕೊಡುವುದು ಎಂಬ ಮೂರರಲ್ಲಿ ಅಡಗಿತ್ತು. ಜಿರ್ಕಾಟಾಂಗ್ ದಾಟಿದ ಮೇಲೆ ಈ ಮೂರೂ ತಪ್ಪುಗಳಾಗುತ್ತವೆ. ನಿಂತರೆ ತಪ್ಪು, ಕಣ್ಣಿಟ್ಟು ನೋಡಿದರೆ ತಪ್ಪು, ಒಂದು ಬಾಳೆಹಣ್ಣು ಕೊಟ್ಟರೂ ತಪ್ಪು. ಒಳ್ಳೆಯ ಪ್ರಯಾಣಿಕ ಎಂದರೆ ಕಿಟಕಿ ಏರಿಸಿ, ತುಟಿ ಬಿಗಿದು, ಮನುಷ್ಯರ ಪಕ್ಕದಲ್ಲೇ ಅವರು ಇಲ್ಲವೆಂಬಂತೆ ಸಾಗಿ ಹೋಗುವವನು.

ಎಂಥ ದಾರಿ ಮನುಷ್ಯನ ಸಹಜವಾದ ಒಳ್ಳೆಯತನವನ್ನೇ ಅಪಾಯಕಾರಿಯಾಗಿ ಮಾಡುತ್ತದೆ? ನನಗೆ ಹೊಳೆಯುವ ಉತ್ತರ ಇಷ್ಟು. ಅರವಟ್ಟಿಗೆಯಲ್ಲಿ ನೀರು ಕೊಡುವವರು ಆ ಊರಿನವರು, ಕುಡಿಯುವವರು ದಾರಿಹೋಕರು. ಯಾರ ಜಾಗ, ಯಾರು ಅತಿಥಿ ಎಂಬುದು ಅಲ್ಲಿ ಸ್ಪಷ್ಟ. ಎಟಿಆರ್‌ನಲ್ಲಿ ಆ ನಂಟು ತಲೆಕೆಳಗಾಗಿದೆ. ಕರೆಯದೆ ಬಂದವನ ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ, ಮನೆಯವನ ಕೈ ಮುಂದಕ್ಕೆ ಚಾಚಿದೆ. ಬಾಗಿಲು ತಟ್ಟದೆ ಒಳಗೆ ನುಗ್ಗಿದವನು ಎಷ್ಟು ಪ್ರೀತಿಯಿಂದ ಕೊಟ್ಟರೂ ಅದು ಕೊಡುಗೆಯಾಗುವುದಿಲ್ಲ. ಆ ಬಿಸ್ಕತ್ತು ಒಂದು ಮಗುವಿಗೆ ರಸ್ತೆಯಂಚಿನಲ್ಲಿ ಕಾಯುವುದನ್ನು ಕಲಿಸುತ್ತದೆ. ತಂಬಾಕು, ಗುಟ್ಕಾ ಕೂಡ ಇದೇ ದಾರಿಯಲ್ಲಿ ಇದೇ ಕೈಗಳಿಂದ ಹೋದವು. 2012ರ ಜನವರಿಯಲ್ಲಿ ಬ್ರಿಟನ್ನಿನ ಪತ್ರಿಕೆಯೊಂದು ಹೊರಗೆ ತಂದ ವಿಡಿಯೊದಲ್ಲಿ, ತಿಂಡಿಯ ಆಸೆ ತೋರಿಸಿ ಜಾರವಾ ಹೆಣ್ಣುಮಕ್ಕಳನ್ನು ಕುಣಿಸಿದ್ದನ್ನು ಜಗತ್ತೇ ನೋಡಿತು. ದೇಶ ನಾಚಿತು. ಮರುವರ್ಷ ಸುಪ್ರೀಂ ಕೋರ್ಟು ಮಧ್ಯಂತರ ಆದೇಶ ಕೊಟ್ಟಾಗ ಕೆಲವು ವಾರ ಪ್ರವಾಸಿ ವಾಹನಗಳು ನಿಂತವು. ಆಮೇಲೆ ಮತ್ತೆ ಹೊರಟವು.

ಇನ್ನೊಂದು ಮಾತು ಇಲ್ಲಿ ಹೇಳಲೇಬೇಕು. ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡು ಹೊಕ್ಕಾಗ ರಸ್ತೆ ಬದಿಯ ಫಲಕಗಳು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ವಾಹನ ನಿಲ್ಲಿಸಬೇಡಿ, ನಿಧಾನವಾಗಿ ಸಾಗಿ, ಪ್ರಾಣಿಗಳಿಗೆ ತಿನಿಸು ಕೊಡಬೇಡಿ. ಆನೆ, ಜಿಂಕೆಗಳ ಕುರಿತು ಬರೆದ ಸಾಲುಗಳು ಮನುಷ್ಯರ ಕುರಿತೂ ಬರೆಯಬೇಕಾಗಿ ಬಂದದ್ದೇ ಎಟಿಆರ್‌ನ ದೊಡ್ಡ ನೋವು. ತಪ್ಪು ಫಲಕದಲ್ಲಿಲ್ಲ, ಅದು ಬೇಕಾಗುವಂತೆ ಎಳೆದ ರಸ್ತೆಯಲ್ಲಿದೆ. ಆದರೆ ಬಂಡೀಪುರ ಇನ್ನೊಂದನ್ನೂ ತೋರಿಸಿಕೊಟ್ಟಿದೆ. 2009ರಿಂದ ಅಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಸಂಚಾರ ಬಂದ್. ಕೇರಳದ ಕಡೆಯಿಂದ ಒತ್ತಡ ಬಂತು, ವ್ಯಾಪಾರಿಗಳ ಅಳಲೂ ಕೇಳಿಬಂತು, ಆದರೂ ಕರ್ನಾಟಕದ ಉಚ್ಚ ನ್ಯಾಯಾಲಯ 2010ರಲ್ಲಿ ನಿಷೇಧವನ್ನು ಎತ್ತಿಹಿಡಿಯಿತು. ರಾಷ್ಟ್ರೀಯ ಹೆದ್ದಾರಿಯೂ ದಿನದ ಒಂಬತ್ತು ಗಂಟೆ ಬಾಗಿಲು ಹಾಕಿಕೊಳ್ಳಬಹುದು, ಅದರಿಂದ ದೇಶ ನಿಂತುಹೋಗುವುದಿಲ್ಲ ಎಂಬುದು ನಮ್ಮ ನೆಲದಲ್ಲೇ ರುಜುವಾತಾಯಿತು. ಕಾಡುಪ್ರಾಣಿಗಳ ರಾತ್ರಿಗಾಗಿ ನಾವು ಮಾಡಬಲ್ಲದ್ದನ್ನು ಒಂದು ಜನಾಂಗದ ಹಗಲಿಗಾಗಿ ಮಾಡಲಾರೆವೇ?

ಜಾರವಾಗಳು ಎಷ್ಟು ಜನ? 2011ರ ಜನಗಣತಿಯಲ್ಲಿ 380. ಒಂದು ಕಲ್ಯಾಣ ಮಂಟಪದಲ್ಲಿ ಇಡೀ ಜನಾಂಗ ಕೂರಬಹುದು. ಇಷ್ಟು ಚಿಕ್ಕ ಗುಂಪಿಗೆ ರಸ್ತೆ ಏನು ತರಬಹುದು ಎನ್ನಲು ಊಹೆ ಬೇಕಿಲ್ಲ, ಪಕ್ಕದವರ ಚರಿತ್ರೆಯೇ ಇದೆ. ಬ್ರಿಟಿಷರು ಬಂದಾಗ ಗ್ರೇಟ್ ಅಂಡಮಾನೀಯರು ಸಾವಿರಾರು ಮಂದಿ ಇದ್ದರು. ಅವರು ಹೊರಗಿನವರ ಜೊತೆ ಬೆರೆತರು, ಅವರಿಗಾಗಿ ಆಶ್ರಮಗಳು ಎದ್ದವು. 1877ರ ದಡಾರದ ಹಾವಳಿ, ಸಿಫಿಲಿಸ್, ಮದ್ಯ, ಅಫೀಮು ಸೇರಿ ಅವರನ್ನು ಅಳಿಸುತ್ತ ಹೋದವು. ಈಗ ಅವರ ಸಂಖ್ಯೆ ಐವತ್ತರ ಆಸುಪಾಸು. ಬಾಣ ಹಿಡಿದು ದೂರ ಉಳಿದ ಜಾರವಾಗಳು ಉಳಿದರು. ಅವರ ಹಗೆತನವೇ ಅವರ ಆರೋಗ್ಯವನ್ನು ಕಾದಿತ್ತು.

ಆ ಹಗೆತನ ಕರಗಿದ ಕಥೆಯೂ ರಸ್ತೆಯದೇ ಕಥೆ. 1974ರಲ್ಲಿ ಅಧಿಕಾರಿಗಳ ತಂಡಕ್ಕೆ ಪಶ್ಚಿಮ ತೀರದಲ್ಲಿ ಜಾರವಾಗಳೊಂದಿಗೆ ಮೊದಲ ಸ್ನೇಹದ ಭೇಟಿ ಒದಗಿತು. ಆಮೇಲೆ ಆಗಾಗ ದೋಣಿಯಲ್ಲಿ ಹೋಗಿ ತೆಂಗಿನಕಾಯಿ, ಬಾಳೆಗೊನೆ ಕೊಟ್ಟು ಬರುವ ಕ್ರಮ ನಡೆಯಿತು. ಅದರಲ್ಲೂ ತಪ್ಪುಗಳಿದ್ದವು, ಕಾಯಿಲೆ ಅಂಟುವ ಭಯವಿತ್ತು. ಆದರೆ ದೋಣಿ ಬಂದು ಹೋಗುತ್ತಿತ್ತು. ದಡದಲ್ಲಿ ಕಾಣಿಸಿಕೊಳ್ಳಬೇಕೋ ಕಾಡಿನಲ್ಲೇ ಉಳಿಯಬೇಕೋ ಎಂಬುದನ್ನು ಅವರು ನಿರ್ಧರಿಸಬಹುದಿತ್ತು. ರಸ್ತೆ ಬಂದು ಹೋಗುವುದಿಲ್ಲ. ಅದು ದಿನವೂ ಅಲ್ಲೇ ಬಿದ್ದಿರುತ್ತದೆ. 1996ರಲ್ಲಿ ಕದಮ್‌ತಲಾದ ಬಳಿ ಕಾಲು ಮುರಿದ ಜಾರವಾ ಹುಡುಗನೊಬ್ಬ ಸಿಕ್ಕಿದ. ಊರಿನವರು ಅವನನ್ನು ಕೊಲ್ಲಲಿಲ್ಲ, ಪೋರ್ಟ್ ಬ್ಲೇರಿನ ಆಸ್ಪತ್ರೆಗೆ ಸಾಗಿಸಿದರು. ತಿಂಗಳುಗಟ್ಟಲೆ ಶುಶ್ರೂಷೆ ನಡೆಯಿತು, ಮೂಳೆ ಕೂಡಿತು, ಅವನು ಕಾಡಿಗೆ ಮರಳಿದ. 1997ರ ಕೊನೆಯ ಹೊತ್ತಿಗೆ ಜಾರವಾಗಳು ಬಿಲ್ಲುಬಾಣವಿಲ್ಲದೆ, ಹಗಲು ಹೊತ್ತಿನಲ್ಲಿ, ತಾವಾಗಿಯೇ ಹೊರಗೆ ಬರತೊಡಗಿದರು.

ಆ ಹುಡುಗನಿಗೆ ಆದದ್ದು ನಿಜವಾದ ಉಪಕಾರ. ಅವನನ್ನು ಎತ್ತಿಕೊಂಡು ಹೋದವರು ಜಾರವಾಗಳ ಬಾಣಕ್ಕೆ ಹೆದರಿ ಬದುಕಿದ್ದ ಊರಿನವರೇ ಎಂಬುದನ್ನು ನೆನೆದಾಗ ಮನುಷ್ಯರ ಮೇಲಿನ ನಂಬಿಕೆ ಗಟ್ಟಿಯಾಗುತ್ತದೆ. ಆದರೆ ಅವನ ಹಿಂದೆಯೇ ಹೊರಬಂದವರಿಗೆ ಎದುರಾದದ್ದು ಬಸ್ಸುಗಳ ಸಾಲು. 1999ರಲ್ಲಿ ಅವರಲ್ಲಿ ದಡಾರ ಕಾಣಿಸಿಕೊಂಡಿತು, 2006ರಲ್ಲಿ ಮತ್ತೊಮ್ಮೆ. ಈ ಸಲ ವೈದ್ಯರು ಬೇಗ ಕೈಗೆತ್ತಿಕೊಂಡರು, 1877 ಮರುಕಳಿಸಲಿಲ್ಲ. ಹೊರಗಿನ ಲೋಕದ ಜೊತೆ ಅವರು ಬೆರೆಯಲೇಬಾರದು ಎಂಬ ಹಟ ನನ್ನದಲ್ಲ. ಹುಡುಗರು ಹಿಂದಿ ಕಲಿತಿದ್ದಾರೆ, ಕೆಲವರಿಗೆ ಗಾಡಿ ಹತ್ತುವ ಆಸೆಯಿದೆ, ಆ ಆಸೆಯನ್ನು ಅಲ್ಲಗಳೆಯುವ ಅಧಿಕಾರ ನನಗಿಲ್ಲ. ಬೆರೆಯುವ ಹೊತ್ತು, ಬೆರೆಯುವ ಜಾಗ, ಬೇಡವೆನಿಸಿದಾಗ ಹಿಂದಕ್ಕೆ ಸರಿಯುವ ಅವಕಾಶ ಅವರ ಕೈಯಲ್ಲಿರಬೇಕು ಎಂಬುದಷ್ಟೇ ಮಾತು. ಮನೆಯ ನಡುವೆ ರಸ್ತೆ ಹಾಯ್ದ ಮೇಲೆ ಹಿಂದಕ್ಕೆ ಸರಿಯುವುದು ಎಲ್ಲಿಗೆ?

ಈ ಪ್ರಶ್ನೆ ನ್ಯಾಯಾಲಯದ ಮುಂದೆಯೂ ಬಂತು. ಸ್ಥಳೀಯ ಪರಿಸರ ಸಂಸ್ಥೆ ಸೇನ್, ಕಲ್ಪವೃಕ್ಷ ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಜೊತೆಗೂಡಿ ಮೊಕದ್ದಮೆ ಹೂಡಿದವು. ಸುಪ್ರೀಂ ಕೋರ್ಟು ಶೇಖರ್ ಸಿಂಗ್ ಅವರನ್ನು ಆಯುಕ್ತರನ್ನಾಗಿ ನೇಮಿಸಿ ವರದಿ ತರಿಸಿಕೊಂಡಿತು. 2002ರ ಮೇ 7ರಂದು ಆದೇಶ ಬಂತು: ಜಾರವಾ ಮೀಸಲಿನೊಳಗೆ ಹಾಯುವ ರಸ್ತೆಯ ಭಾಗಗಳನ್ನು ಮುಚ್ಚಬೇಕು. ರಸ್ತೆ ಮುಚ್ಚಲಿಲ್ಲ. ವರ್ಷಗಳು ಕಳೆದವು, ಆಡಳಿತ ಮುಚ್ಚುವ ಬದಲು ನಿಯಂತ್ರಿಸುವ ದಾರಿ ಹಿಡಿಯಿತು, ನಿಯಂತ್ರಣವೇ ಆದೇಶದ ಜಾಗದಲ್ಲಿ ಕೂತುಬಿಟ್ಟಿತು.

ಮುಚ್ಚಬಾರದು ಎನ್ನುವವರ ಮಾತಿಗೂ ಕಿವಿಗೊಡಬೇಕು. ಡಿಗ್ಲಿಪುರದ ರೈತ ಬೆಳೆದ ತರಕಾರಿ, ಕಿತ್ತಳೆ ರಾಜಧಾನಿಯ ಮಾರುಕಟ್ಟೆ ಸೇರಬೇಕು. ರಂಗತ್‌ನಲ್ಲಿ ಹೆರಿಗೆ ಕಷ್ಟವಾದರೆ ದೊಡ್ಡ ಆಸ್ಪತ್ರೆ ಇರುವುದು ದಕ್ಷಿಣದಲ್ಲಿ. ಮಳೆಗಾಲದಲ್ಲಿ ಕಡಲು ಕೆರಳಿದಾಗ ಹಡಗು ಹೊರಡುವುದೋ ಇಲ್ಲವೋ ಎಂದು ಜೆಟ್ಟಿಯಲ್ಲಿ ಕಾಯುವ ಕಷ್ಟ ಪ್ರವಾಸಿಗೆ ಗೊತ್ತಾಗುವುದಿಲ್ಲ. ಆ ಜನ ಮೋಜಿಗಾಗಿ ರಸ್ತೆ ಕೇಳುತ್ತಿಲ್ಲ, ಅವರೂ ಈ ದೇಶದ ಪ್ರಜೆಗಳು. ಅವರ ಬೇಡಿಕೆ ನ್ಯಾಯವಾದದ್ದು. ಆದರೆ ಅದನ್ನು ಗಮನಿಸಿ ನೋಡಿದರೆ ಅವರು ಕೇಳುತ್ತಿರುವುದು ಆಸ್ಪತ್ರೆ, ಮಾರುಕಟ್ಟೆ, ನೆಚ್ಚಬಹುದಾದ ಪ್ರಯಾಣ. ಜಾರವಾ ಕಾಡಿನ ನಡುವಿನ ಡಾಂಬರು ಅದಕ್ಕೆ ಒಂದು ಉಪಾಯ ಮಾತ್ರ. ರಂಗತ್‌ಗೂ ಮಾಯಾಬಂದರಿಗೂ ಒಳ್ಳೆಯ ಶಸ್ತ್ರಚಿಕಿತ್ಸಾ ಕೊಠಡಿ ಕೊಡಿ, ರಕ್ತನಿಧಿ ಕೊಡಿ. ತರಕಾರಿಗೆ ಶೀತಲ ಕೋಣೆಯಿರುವ ಸರಕುದೋಣಿ ಬಿಡಿ. ವೇಳಾಪಟ್ಟಿ ತಪ್ಪದ, ಅಲೆಯನ್ನು ತಡೆಯಬಲ್ಲ ಹಡಗುಗಳನ್ನು ಪೂರ್ವ ತೀರದುದ್ದಕ್ಕೂ ಓಡಿಸಿ. ಇಷ್ಟು ದಶಕಗಳಲ್ಲಿ ರಸ್ತೆಗೆ ಸುರಿದ ಹಣದ ಜೊತೆಗೆ ಅಷ್ಟೇ ಮನಸ್ಸನ್ನು ಕಡಲಿಗೆ ಕೊಟ್ಟಿದ್ದರೆ ದ್ವೀಪವಾಸಿಗಳು ಇವತ್ತು ನಮ್ಮ ಕರಾವಳಿಯವರಿಗಿಂತ ಚೆನ್ನಾಗಿ ಓಡಾಡುತ್ತಿದ್ದರು ಎಂದು ನಾನು ನಂಬುತ್ತೇನೆ. ದ್ವೀಪಕ್ಕೆ ನೀರು ಸುತ್ತಲಿನ ಗೋಡೆಯಲ್ಲ. ಅದನ್ನು ಗೋಡೆಯೆಂದು ನೋಡಿದವರು ದೂರದ ಭೂಖಂಡದಿಂದ ಬಂದವರು, ರಸ್ತೆಯಿಲ್ಲದೆ ದೇಶವನ್ನು ಕಲ್ಪಿಸಲಾರದವರು.

ಭೂಮಿ ಅಲುಗದು ಎಂಬ ನಂಬಿಕೆಯ ಮೇಲೆಯೇ ರಸ್ತೆ ನಿಂತಿರುತ್ತದೆ. ದ್ವೀಪಗಳು ಆ ನಂಬಿಕೆಯನ್ನೂ ಅಲುಗಿಸುತ್ತವೆ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಪಿಟೋನ್ ದ ಲಾ ಫುರ್ನೇಸ್ ಎಂಬ ಜ್ವಾಲಾಮುಖಿ ಉಕ್ಕಿದಾಗ ಕೆಲವೊಮ್ಮೆ ಲಾವಾ ಹರಿದು ಆಗ್ನೇಯ ತೀರದ ಹೆದ್ದಾರಿಯನ್ನು ಮುಚ್ಚಿ ಕಡಲಿಗೆ ಇಳಿಯುತ್ತದೆ. 2007ರಲ್ಲಿ ಹರಿದದ್ದು ಬಹಳ ದೊಡ್ಡ ಪ್ರವಾಹ. ಕಲ್ಲು ತಣಿದ ಮೇಲೆ ಅದರ ಮೇಲೆಯೇ ಮತ್ತೆ ರಸ್ತೆ ಹಾಕುತ್ತಾರೆ, ಯಾವ ವರ್ಷದ ಲಾವಾ ಎಂದು ಪಕ್ಕದಲ್ಲಿ ಫಲಕ ನೆಡುತ್ತಾರೆ. ಅಲ್ಲಿಯವರಿಗೆ ದಾರಿ ಎಂದರೆ ಬೆಟ್ಟ ಅನುಮತಿ ಕೊಟ್ಟಿರುವಷ್ಟು ಕಾಲದ್ದು.

ನಮ್ಮಲ್ಲಿ ಅನುಮತಿ ಹಿಂದಕ್ಕೆ ಪಡೆದದ್ದು ಕಡಲು. 1969ರಿಂದ ಮಾಜಿ ಸೈನಿಕರ ಕುಟುಂಬಗಳನ್ನು ತಂದು ಗ್ರೇಟ್ ನಿಕೋಬಾರ್ ದ್ವೀಪದ ಪೂರ್ವ ತೀರದಲ್ಲಿ ನೆಲೆಗೊಳಿಸಿದರು. ಗಡಿ ರಸ್ತೆ ಸಂಸ್ಥೆಯವರು ಕ್ಯಾಂಪ್‌ಬೆಲ್ ಬೇಯಿಂದ ದಕ್ಷಿಣಕ್ಕೆ ತೀರಗುಂಟ ಒಂದು ರಸ್ತೆ, ಅಲ್ಲಿನ ಮೂಲನಿವಾಸಿಗಳಾದ ಶೋಂಪೆನ್ನರ ಕಾಡಿನ ಒಳಗಿಂದ ಪಶ್ಚಿಮಕ್ಕೆ ಇನ್ನೊಂದು ರಸ್ತೆ ಮಾಡಿದರು. 2004ರ ಡಿಸೆಂಬರ್ 26ರ ಬೆಳಗ್ಗೆ ಭೂಮಿ ನಡುಗಿತು. ಸುನಾಮಿ ಊರುಗಳನ್ನು ಕೊಚ್ಚಿಕೊಂಡು ಹೋಯಿತು. ಅಲೆ ಇಳಿದ ಮೇಲೂ ನೀರು ಪೂರ್ತಿ ಹಿಂದೆ ಸರಿಯಲಿಲ್ಲ, ಏಕೆಂದರೆ ದ್ವೀಪದ ದಕ್ಷಿಣ ತುದಿಯೇ ನಾಲ್ಕು ಮೀಟರಿಗೂ ಹೆಚ್ಚು ಕುಸಿದಿತ್ತು. ಇಂದಿರಾ ಪಾಯಿಂಟಿನ ದೀಪಸ್ತಂಭದ ಬುಡ ಕಡಲಿನೊಳಗಾಯಿತು, ತೀರದ ರಸ್ತೆಯ ದಕ್ಷಿಣ ಭಾಗ ನೀರಿನ ಪಾಲಾಯಿತು. ಅದೇ ಗಳಿಗೆಯಲ್ಲಿ ನೂರಾರು ಕಿಲೋಮೀಟರ್ ಉತ್ತರದಲ್ಲಿ, ಉತ್ತರ ಅಂಡಮಾನಿನ ಪಶ್ಚಿಮ ತೀರ ಮೇಲಕ್ಕೆದ್ದು ಹವಳದ ದಿಬ್ಬಗಳು ಬಿಸಿಲಿಗೆ ಬಿದ್ದವು. ಇಡೀ ದ್ವೀಪಮಾಲೆಯೇ ಮಗ್ಗುಲು ಬದಲಿಸಿತ್ತು. ಜಾರವಾಗಳು ಆ ದಿನ ಬದುಕಿ ಉಳಿದರು.

ಈಗ ಅದೇ ಗ್ರೇಟ್ ನಿಕೋಬಾರಿನಲ್ಲಿ ಬಂದರು, ವಿಮಾನ ನಿಲ್ದಾಣ, ವಿದ್ಯುತ್ ಸ್ಥಾವರ, ನಗರ ಕಟ್ಟುವ ಯೋಜನೆಗೆ 2022ರಲ್ಲಿ ಪರಿಸರ ಅನುಮತಿ ಸಿಕ್ಕಿದೆ. ಒಟ್ಟು 166 ಚದರ ಕಿಲೋಮೀಟರ್ ಜಾಗ, ಅದರಲ್ಲಿ 130 ಚದರ ಕಿಲೋಮೀಟರ್ ಅರಣ್ಯ. ನಗರ ಬಂದಲ್ಲಿ ಅಗಲವಾದ ರಸ್ತೆಗಳೂ ಬರುತ್ತವೆ. ಶೋಂಪೆನ್ನರು 2011ರ ಗಣತಿಯಲ್ಲಿ 229 ಜನ. ಬಹುಪಾಲು ಮಂದಿ ಕಾಡಿನೊಳಗೆ ಹೊಳೆಗಳ ಪಕ್ಕ ಬೇಟೆ, ಗೆಡ್ಡೆಗೆಣಸು, ಕೇದಗೆ ಜಾತಿಯ ಹಣ್ಣಿನ ಮೇಲೆ ಬದುಕುವವರು. ಅವರ ಭಾಷೆಯನ್ನು ಸರಾಗವಾಗಿ ಆಡಬಲ್ಲ ಹೊರಗಿನವರು ಸಿಗುವುದೇ ಅಪರೂಪ. ಜಾರವಾಗಳ ವಿಷಯದಲ್ಲಿ ರಸ್ತೆ ಮೊದಲು ಬಂತು, ಭಾಷೆ ಆಮೇಲೆ, ಅದೂ ಬಿಸ್ಕತ್ತು ಕೇಳುವಷ್ಟು ಹಿಂದಿಯ ರೂಪದಲ್ಲಿ. ಗ್ರೇಟ್ ನಿಕೋಬಾರಿನಲ್ಲಿ ಆ ಕ್ರಮವನ್ನು ತಿರುಗಿಸಲು ಇನ್ನೂ ಕಾಲವಿದೆ. ಮೊದಲು ಕೆಲವರು ಹೋಗಲಿ, ದೋಣಿಯಲ್ಲಿ ಹೋಗಲಿ, ಕರೆದಾಗ ಮಾತ್ರ ಹತ್ತಿರ ಹೋಗಲಿ, ಹತ್ತು ವರ್ಷ ಹಿಡಿದರೂ ಸರಿ ಆ ಭಾಷೆ ಕಲಿಯಲಿ. ಆಮೇಲೆ ಆ 229 ಜನರನ್ನು ಅವರ ಮಾತಿನಲ್ಲೇ ಕೇಳಲಿ, ನಿಮ್ಮ ಕಾಡಿನಲ್ಲಿ ನಾವು ಹಾಯಬಹುದೇ ಎಂದು. ಬೇಡ ಎಂದರೆ ಹಿಂದಿರುಗಲು ದೋಣಿ ದಡದಲ್ಲೇ ಇರಲಿ.